ಸಪ್ಪಳಿಲ್ಲದ ಗಾಡಿ

ಉಣಕಲ್ಲ ಏರಿನಾಗ ಮೀಟರಿನ ಅಂಕಿ
ಮೂವತ್ತೊಂದರಿಂದ ಹತ್ತೊಂಬತ್ತಕ್ಕ ಜಾರಿತು.
ಹಿಂದ ಮೂರು ಮಂದಿ, ಒಂದು ಉಳ್ಳಾಗಡ್ಡಿ ಚೀಲ.
"ಇಳೀರಿ" ಅಂತ ಹ್ಯಾಂಗ ಅನ್ನೂದು?
ನಾನ ಇಳದೆ, ಮನಸಿನಾಗ.

ಒಂಬತ್ತು ಕಂತು ಕಟ್ಟೀನಿ, ಮೂವತ್ತೊಂಬತ್ತು ಉಳದಾವ.
ಎಣ್ಣಿ ಖರ್ಚು ಉಳೀತೈತಿ ಅಂದಿದ್ರು, ಖರೇನ ಉಳೀತು;
ಉಳದದ್ದು ಕಾಯೂದರಾಗ ಹೋತು.
ಬ್ಯಾಟರಿ ತುಂಬಾಕ ನಾಕು ತಾಸು.
ನಾಕು ತಾಸು ಅಂದ್ರ ಸ್ಟೇಷನ್ನಿಗೆ ಬರೂ ಎರಡು ರೈಲು,
ಎರಡು ರೈಲಿನ ಗಿರಾಕಿ.

ಈ ಕಡೆ ಪ್ಲಗ್ ಕೊಟ್ಟಾಂವ ಒಬ್ಬನ:
ಗಬ್ಬೂರ ಕ್ರಾಸಿನ ಮಕ್ತುಮಚಾಚಾ,
ಡೀಸೆಲ್ ಪಂಪಿನ ಮಿಸ್ತ್ರಿ.
"ನನ್ನ ಹೊಟ್ಟಿ ಮ್ಯಾಲೆ ಕಾಲಿಡಾಕ ಬಂದಾಂವ ನೀ.
ಬಾ, ನೆರಳಿಗೆ ಹಚ್ಚು."

ಉದ್ದನ್ನ ಸ್ಕ್ರೂಡ್ರೈವರ್ ಅವಂದು.
ತುದಿ ಇಂಜಿನ್ನಿಗೆ, ಹಿಡಿಕಿ ಕಿವಿಗೆ;
ಯಾವ ನಾಜಲ್ ಕಟ್ಟೈತಿ, ಯಾವ ವಾಲ್ವ್ ಸಡಲೈತಿ,
ನಾಡಿ ಹಿಡದವರಂಗ ಹೇಳಾಂವ.
ಈಗ ಅದು ಮೊಳೆಗೆ ಜೋತುಬಿದ್ದೈತಿ.
ಮೂವತ್ತು ವರ್ಷ ಹೊಗಿ ಕುಡದು
ಅವನ ಕೆಮ್ಮು ಸುದ್ದಾ
ಒಂದು ಸಿಲಿಂಡರ್ ಮಿಸ್ ಹೊಡೀತೈತಿ.

ಮೂರರ ಸುಮಾರ ಕರೆಂಟ್ ಹೋತು.
ಬತ್ತಿದ ಕೆಚ್ಚಲಿಗೆ ಬಾಯಿಟ್ಟ ಕರುವಿನಂಗ
ನನ್ನ ಗಾಡಿ ಕೇಬಲ್ ಕಚ್ಚಿಕೊಂಡು ನಿಂತಿತ್ತು.
"ಗದಗಿನ ಗುಡ್ಡದಾಗ ಅಷ್ಟೊಂದು ಪಂಖ ತಿರಗತಾವಲ್ಲೋ,
ಆ ಗಾಳಿ ಯಾರ ಮನಿಗೆ ಹೊಕ್ಕೈತಿ?"
ನಾ ರಾಯಚೂರಿನ ಕಲ್ಲಿದ್ದಲಿನ ಮಾತು ತಗದೆ.
ಚಾಚಾ ಚಹಾದ ಕಪ್ಪು ಕೆಳಗಿಟ್ಟ.
"ಅಂದ್ರ ಹೊಗಿ ಸತ್ತಿಲ್ಲ. ವರ್ಗಾ ಆಗೇತಿ."

ಕರೆಂಟ್ ಬಂದ ಮ್ಯಾಲೆ, ಯಾಕೋ ಏನೋ,
ಸ್ಕ್ರೂಡ್ರೈವರ್ ತಗೊಂಡು ಬಂದು
ಹಿಂದಿನ ಗಾಲಿ ಎತ್ತಿಸಿ, ತಿರುವು ಅಂದ.
ತುದಿ ಹಚ್ಚಿ ಕಣ್ಣು ಮುಚ್ಚಿದ.
ಬೈಪಾಸಿನಾಗ ಲಾರಿ ಹೋದ್ವು, ಒಂದು, ಮತ್ತೊಂದು.
ನನಗ ನಗಿ ಬಂತು:
ಸಪ್ಪಳಿಲ್ಲದ ಗಾಡ್ಯಾಗ ಏನ ಕೇಳ್ತಾನ ಮುದುಕ?

"ಎಡಗಡೆ ಬೇರಿಂಗ್. ಒಂದು ಗುಂಡು ಸೀಳೇತಿ.
ಇಂಜಿನ್ ಒದರೂ ಮುಂದ ಇಷ್ಟ ಸಣ್ಣದು
ನನಗೂ ಎಂದೂ ಕೇಳಿಸಿದ್ದಿಲ್ಲ."

ಎಷ್ಟಾಕ್ಕೈತಿ ಚಾಚಾ, ಅಂದೆ.
ನೂರಾ ಎಂಬತ್ತು ಅಂದ,
ಪಂಪಿಗೆ ಎರಡು ಸಾವಿರ ತಗೋತಿದ್ದಾಂವ.
ಎಣ್ಣಿ ಹತ್ತಿದ ಅರಿವಿಲೆ ಹಿಡಿಕಿ ಒರಸಿದ, ಒರಸಿದ,
ಮೊಳೆಗೆ ಹಾಕಲಿಲ್ಲ.
ಕೈಯಾಗ ಹಿಡಕೊಂಡ ಕುಂತ.