ಪಾಯಿಂಟ್ ಬುಕ್ಕು

ಹೊಸ ಬೀಟಿನ ಪೊಲೀಸು ಎರ್ರಿಸ್ವಾಮಿ
ಒಂದು ಮೊಳೆ, ಒಂದು ಸುತ್ತಿಗೆ,
ಪ್ಲಾಸ್ಟಿಕ್ ಚೀಲದಾಗ ಒಂದು ಸಣ್ಣ ಪುಸ್ತಕ ಹಿಡಕೊಂಡು
ನಮ್ಮ ಬಾಗಿಲಿಗೆ ಬಂದ.
ಈಚಲ ಗರಿ ಸೀಳುತ್ತಿದ್ದೆ, ಕೈ ನಿಲ್ಲಿಸಲಿಲ್ಲ.
"ದಿನಾ ರಾತ್ರಿ ಇದರಾಗ ಸಹಿ ಹಾಕಬೇಕು" ಅಂದ.
"ಯಾರು?" ಅಂದೆ.
"ನಾನು."

ಒಳಗೆ ಕೆಮ್ಮುತ್ತಿದ್ದ ಅವ್ವ ಕೆಮ್ಮು ನುಂಗಿಕೊಂಡಳು.

ಅವಳ ಅಪ್ಪ ಹುಲುಗಜ್ಜ ದಿನಕ್ಕೆ ಎರಡು ಸಲ
ಸಿರುಗುಪ್ಪದ ಠಾಣೆಗೆ ನಡೆದು ಹೆಬ್ಬೆಟ್ಟು ಒತ್ತುತ್ತಿದ್ದ.
ದೀಪ ಹಚ್ಚಿದ ಮೇಲೆ ಒಂದು,
ಕೋಳಿ ಕೂಗುವ ಮುಂಚೆ ಒಂದು.
ಹುಟ್ಟಿದ್ದೇ ತಪ್ಪು ಅಂತ ದೊರೆಗಳು ಬರೆದಿಟ್ಟ ಜಾತಿ ನಮ್ಮದು.
ಕಂದೀಲು ಹಿಡಿದು ಮುಂದೆ ನಡೆಯುತ್ತಿದ್ದ
ಆರು ವರ್ಷದ ಕೂಸು ಇವಳೇ.
ಮಸಿ ಹತ್ತಿದ ಬೆರಳಲ್ಲೇ ನುಚ್ಚು ಕಲಸಿ
ಅಪ್ಪ ಬಾಯಿಗಿಟ್ಟ ತುತ್ತು
ಇನ್ನೂ ನಾಲಿಗೆ ಮೇಲೆ ಐತಂತೆ, ಕಹಿ.

"ಹೊಡಿ ಮೊಳೆ" ಅಂದಳು ಒಳಗಿಂದ,
"ಸರದಿ ನಿಮ್ಮದು ಬಂತು."

ತಮ್ಮ ಗಾದಿಲಿಂಗ ಮಾತ್ರ ಎದ್ದು ಹೊರಟುಹೋದ.
ಅಕ್ಕಿ ಮಿಲ್ಲಿನ ಮೋಟರು ಕಳುವಾದ ವರ್ಷ
ನಾಲ್ಕು ದಿನ ಠಾಣೆಯಲ್ಲಿದ್ದು ಬಂದವನು.
ಮೋಟರು ಆಮೇಲೆ ಮಿಲ್ಲಿನ ಹಿಂದೆಯೇ ಸಿಕ್ಕಿತು,
ತೌಡಿನ ಚೀಲಗಳ ಕೆಳಗೆ.
ಸಿಕ್ಕಿತು ಅಂತ ಹೇಳಲು ಯಾರೂ ಬರಲಿಲ್ಲ.
ಅವನಿಗೆ ಎಡಗಿವಿ ಕೇಳುವುದಿಲ್ಲ.
ಖಾಕಿ ಕಂಡರೆ ಆ ಕಿವಿ ಈಚೆ ಮಾಡಿ ಕೂರುತ್ತಾನೆ.

ವಾರ ಕಳೆದು ಪುಸ್ತಕ ಬಿಚ್ಚಿ ನೋಡಿದೆ.
ನನಗೆ ಓದು ಬರೋದಿಲ್ಲ. ಹೆಣಿಗೆ ಬರುತ್ತೆ.
ಸೋಮವಾರ, ಮಂಗಳವಾರ, ಬುಧವಾರ,
ಒಂದೇ ಒತ್ತು, ಒಂದೇ ಓರೆ,
ಶಾಯಿಯೂ ಒಂದೇ ಉಸಿರಿನದು.
"ಸ್ವಾಮಿ, ಈ ಮೂರು ಸಾಲು ಒಂದೇ ಕೂತಾಗ ಹೆಣೆದವು.
ಮೂರು ರಾತ್ರಿ ನೀ ಬಂದಿಲ್ಲ."
ಟೋಪಿ ತೆಗೆದ. ತಲೆ ಕೆರೆದ.
ಮಗಳಿಗೆ ಜ್ವರ, ಸಾಹೇಬರ ಬಂದೋಬಸ್ತು,
ಏನಾದರೂ ಅನ್ನಬಹುದಿತ್ತು.
"ಬಂದಿಲ್ಲ" ಅಂದ.

ತಪ್ಪೊಪ್ಪಿಗೆ ಅಂದರೆ
ನಮ್ಮ ಬಾಯಿಂದ ಎಳೆಯುವುದು ಅಂತಲೇ ತಿಳಿದಿದ್ದೆವು.

ಆಮೇಲೆ ಬಂದ. ಎರಡಕ್ಕೆ, ಎರಡೂವರೆಗೆ,
ಹಗರಿಯ ಚಳಿಗಾಳಿಗೆ ಕಿವಿಗೆ ಟವೆಲ್ ಸುತ್ತಿಕೊಂಡು.
ನಾಯಿಗಳು ಬೊಗಳಿದವು, ತಿಂಗಳೊಳಗೆ ಗುರುಗುಟ್ಟಿದವು,
ಕಡೆಗೆ ಕಣ್ಣೂ ಬಿಡಲಿಲ್ಲ.
ಒಂದಿನ ನಮ್ಮ ಎರಡು ಹಂದಿ ಕಳುವಾದವು.
ನಮ್ಮದೂ ಕಳುವಾಗುತ್ತದೆ ಅಂತ
ಠಾಣೆ ಮೊದಲ ಸಲ ಬರೆದುಕೊಂಡಿತು.
ರಸೀದಿಯನ್ನು ಅವ್ವ ರೇಷನ್ ಕಾರ್ಡಿನ ನಡುವೆ ಇಟ್ಟಳು.
ಹಂದಿ ಸಿಗಲಿಲ್ಲ.

ಸಂಕ್ರಾಂತಿಯ ಹಿಂದಿನ ರಾತ್ರಿ ಬಜಾರಿನಾಗ ಬಂಗಾರ ಹೋಯಿತು.
ಬೆಳಕು ಹರಿಯುವ ಮುಂಚೆ ಜೀಪು, ಎಂದಿನಂತೆ, ನಮ್ಮ ಕೇರಿಗೆ.
ಗಾದಿಲಿಂಗ ಅಂಗಿ ತೊಟ್ಟು ನಿಂತಿದ್ದ,
ಹೆಸರು ಕರೆಯುವ ಮೊದಲೇ.
ಎರ್ರಿಸ್ವಾಮಿ ಮೊಳೆಯಿಂದ ಪುಸ್ತಕ ತೆಗೆದು
ಬ್ಯಾಟರಿ ಬೆಳಕಲ್ಲಿ ಸಾಹೇಬರಿಗೆ ಓದಿ ಹೇಳಿದ:
"ಎರಡೂಕಾಲು. ಗಾದಿಲಿಂಗ ಕಟ್ಟೆ ಮೇಲೆ ಎಚ್ಚರ.
ಬೀಡಿಗೆ ಬೆಂಕಿ ಕೊಟ್ಟ."
ಜೀಪು ಹಿಂದಕ್ಕೆ ಸರಿಯಿತು,
ಚರಂಡಿಯ ಕಲ್ಲು ಮುರಿದು.

ಕೇರಿಯವರು ಚಹಾ ಮಾಡಿದರು. ತಮ್ಮ ಕುಡಿಯಲಿಲ್ಲ.
"ಆ ರಾತ್ರಿ ನಾ ಒಳಗ ಮಲಗಿದ್ದರ?" ಅಂತ ಕೇಳಿದ.
ಎರ್ರಿಸ್ವಾಮಿಗೆ ಉತ್ತರ ಬರಲಿಲ್ಲ.
ಲೋಟ ಹಿಡಿದೇ ಕೂತ, ಚಹಾ ಕೆನೆಗಟ್ಟಿತು.
ಕೇಳಿದವನು ಮಾತ್ರ ಅವತ್ತು
ಬಲಗಿವಿಯನ್ನು ಅವನ ಕಡೆಗಿಟ್ಟಿದ್ದ.

ಪುಸ್ತಕ ಮೊನ್ನೆ ತುಂಬಿತು. ಹೊಸದು ತಂದ.
ಹಳೆಯದು ಎಲ್ಲಿಗೆ ಹೋಗುತ್ತೆ ಅಂತ ಅವ್ವ ಕೇಳಿದಳು.
"ಠಾಣೆಯ ರೆಕಾರ್ಡು ರೂಮಿಗೆ."
"ನಮ್ಮಪ್ಪನ ಹೆಬ್ಬೆಟ್ಟಿನ ಪುಸ್ತಕಾನೂ ಅಲ್ಲೇ ಇರಬೇಕು.
ಹುಡುಕು. ಒಂದು ಸಲ ಮುಟ್ಟಿ ನೋಡ್ತೀನಿ."
"ಹುಡುಕ್ತೀನಿ" ಅಂದ.

ಮೊಳೆಯ ಪಕ್ಕ, ಸುಣ್ಣದ ಗೋಡೆ ಮೇಲೆ
ದಿನಕ್ಕೊಂದು ಇದ್ದಿಲ ಗೀಟು ಎಳೆಯುತ್ತಿದ್ದೇನೆ.
ಇವತ್ತಿಗೆ ಹನ್ನೊಂದು.