ಮುಂದುವರಿದ ಇಪ್ಪತ್ತು

ಮಂಡಳಿಯ ಸುತ್ತೋಲೆ ಓದಲು
ಕನ್ನಡಕ ಒರೆಸಿಕೊಂಡು ಕೂತಿದ್ದೆ.
ಹೊರಗೆ ಶಿಡ್ಲಘಟ್ಟದ ಮಧ್ಯಾಹ್ನ.
ಗಾಳಿ ಒಂದಿಷ್ಟು ತಿರುಗಿದರೆ ಸಾಕು,
ಬೇಯಿಸಿದ ಹುಳುವಿನ ವಾಸನೆ
ಎಂಟನೇ ತರಗತಿಯ ಕೊನೇ ಬೆಂಚಿಗೂ ಬರುತ್ತದೆ.
ವರ್ಗವಾಗಿ ಬಂದ ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ.
ನನಗಿಲ್ಲಿ ಹದಿನೇಳು ವರ್ಷ. ಅದು ಬರೀ ಗಾಳಿ.

ಬಾಗಿಲಲ್ಲಿ ಜಬೀನ್ ತಾಜ್.
ಚಪ್ಪಲಿ ಹೊರಗೇ ಬಿಟ್ಟಿದ್ದಾಳೆ, ಹಳೇ ಅಭ್ಯಾಸ.
ಕೈಯಲ್ಲೊಂದು ಕವರು, ಕವರಿನೊಳಗೆ ಕವರು,
ಅದರೊಳಗೆ ಆರು ವರ್ಷದ ಹಿಂದಿನ ಅಂಕಪಟ್ಟಿ.
"ಗಣಿತ ಕಟ್ಟಬೇಕು ಸಾರ್."

ಆ ಪಟ್ಟಿ ನನಗೆ ಬಾಯಿಪಾಠ.
ಮನೆಮಾತು ಉರ್ದು, ಪ್ರಥಮ ಭಾಷೆ ಕನ್ನಡ,
ನೂರಿಪ್ಪತ್ತೈದಕ್ಕೆ ನೂರಾ ಎರಡು.
ವಿಜ್ಞಾನ ಹೇಗೋ ದಡ ಸೇರಿದೆ.
ಗಣಿತ: ಬರೆದದ್ದು, ಎಂಬತ್ತಕ್ಕೆ ಹತ್ತೊಂಬತ್ತು.
ಆಂತರಿಕ, ಇಪ್ಪತ್ತಕ್ಕೆ ಇಪ್ಪತ್ತು.

ಆ ಇಪ್ಪತ್ತು ನನ್ನದು.
ನೀಲಿ ಇಂಕಿನಲ್ಲಿ, ಒಂದೂ ಅಳುಕಿಲ್ಲದೆ,
ಮದುವೆ ಮನೆಯಲ್ಲಿ ಬಡಿಸುವವನ ಹಾಗೆ ಹಾಕಿದ್ದೆ.
ಒಟ್ಟು ಮೂವತ್ತೊಂಬತ್ತು. ಮೂವತ್ತೈದು ಸಾಕಿತ್ತು.
ಆದರೆ ನಿಯಮಕ್ಕೆ ಎರಡು ಬಾಗಿಲು:
ಒಟ್ಟೂ ದಾಟಬೇಕು,
ಬರವಣಿಗೆಯಲ್ಲೇ ಇಪ್ಪತ್ತೆಂಟೂ ಬೇಕು.
ಒಂಬತ್ತು ಕಡಿಮೆ.
ಕೃಪಾಂಕದ ಕೈ ಅಷ್ಟು ದೂರ ಚಾಚಲಿಲ್ಲ.

ಇನ್ನೊಂದು ಇದೆ, ಅದು ಯಾವ ಪಟ್ಟಿಯಲ್ಲೂ ಇಲ್ಲ.
ಆ ವರ್ಷ ಅವರಮ್ಮನ ಕೈ ಬೇಸಿನ್ನಿನ ನೀರಲ್ಲಿ ಸುಟ್ಟು
ಇವಳು ಅಮ್ಮನ ಜಾಗದಲ್ಲಿ ಕೂತು
ಗೂಡಿನ ಎಳೆ ಹುಡುಕುತ್ತಿದ್ದಳು.
ಹಾಜರಿ ಶೇಕಡಾ ಎಪ್ಪತ್ತೈದು ಇರಲೇಬೇಕು.
ಅರವತ್ತೆಂಟಿತ್ತು. ಉಳಿದದ್ದು ನಾನು ತುಂಬಿದೆ.
ಪುಣ್ಯದ ಕೆಲಸ ಅಂದರು ಹೆಡ್ಮೇಡಂ.
ಪುಸ್ತಕದಲ್ಲಿ ಜಬೀನ್ ಇದ್ದಳು.
ತ್ರಿಕೋನಮಿತಿ ನಡೆದದ್ದು
ಅವಳಿಲ್ಲದ ಬೆಂಚಿಗೆ.
ಹಾಜರಿ ಕೊಟ್ಟೆ, ಪಾಠ ಕೊಡಲಿಲ್ಲ.
ಎರಡೂ ಒಂದೇ ಅಂದುಕೊಂಡಿದ್ದೆ, ನಿಜವಾಗಿ.

ಏನೋ ಒಂದು ಹೇಳಬೇಕಲ್ಲ, ಹೇಳಿದೆ:
"ಮಾರುಕಟ್ಟೆಯಲ್ಲಿ ನಿನ್ನ ನೋಡಿದ್ದೇನೆ ಕಣಮ್ಮ.
ನಲವತ್ತೆಂಟು ಕಿಲೋ ಗೂಡು, ರೆಂಡಿಟ್ಟ ಎಂಟು,
ದಲ್ಲಾಳಿ ಮೊಬೈಲು ತೆಗೆಯೋದರೊಳಗೆ
ಆರು ಕಿಲೋ ನೂಲು, ಇಷ್ಟು ರೇಟು, ಇಷ್ಟು ನಷ್ಟ ಅಂತೀಯ.
ನಿನಗೆ ಗಣಿತ ಬರಲ್ಲ ಅಂದವರು ಯಾರು?"

ಅವಳು ನಗಲಿಲ್ಲ.
"ನೀವೇ ಸಾರ್. ಬೋರ್ಡು.
ಈ ಮಾತನ್ನ ಅರ್ಜಿಗೆ ಅಂಟಿಸಕ್ಕಾಗಲ್ಲ.
ಐದು ಪಾಸಾಗಿದೆ, ಒಂದು ಬಾಕಿ.
ಬಾಕಿ ಇಟ್ಕೊಂಡು ನಿದ್ದೆ ಬರಲ್ಲ ನಂಗೆ."

ಅರ್ಜಿ ತೆಗೆದೆ. ಪುನರಾವರ್ತಿತ ಅಭ್ಯರ್ಥಿ.
ಫೋಟೋ, ಶುಲ್ಕ, ಹಳೇ ನೋಂದಣಿ ಸಂಖ್ಯೆ.
ಆಂತರಿಕ ಅಂಕ ಅನ್ನುವಲ್ಲಿ
ಮುಂದುವರಿದದ್ದು, ಇಪ್ಪತ್ತು,
ಅಲ್ಲೇ ಕೂತಿತ್ತು,
ಆರು ವರ್ಷದಿಂದ ಯಾರೂ ಕೈತೊಳೆಯದ ಎಲೆಯಲ್ಲಿ
ಒಣಗಿದ ಪಾಯಸದ ಹಾಗೆ.

"ಅದನ್ನ ತೆಗೆಸಕ್ಕಾಗತ್ತಾ?"
"ಇಲ್ಲ. ನಿಯಮ."
"ಇರಲಿ ಬಿಡಿ. ಆ ಇಪ್ಪತ್ತೆಂಟಕ್ಕೆ ಏನು ಓದ್ಬೇಕು ಹೇಳಿ."

ನಾಲ್ಕೂವರೆ ಬೆಲ್ಲಾಯಿತು.
ಸೈಕಲ್ಲುಗಳೆಲ್ಲ ಹೋದವು.
ಬೋರ್ಡು ಒರೆಸಿ ಒಂದು ಲಂಬಕೋನ ತ್ರಿಭುಜ ಬರೆದೆ,
ಗೆರೆ ಸ್ವಲ್ಪ ಸೊಟ್ಟ.
"ಇದು ತೊಂಬತ್ತಿಲ್ಲ ಸಾರ್" ಅಂದಳು.
ಎದ್ದು ಬಂದು ಚಾಕ್‌ಪೀಸು ತೆಗೆದುಕೊಂಡಳು.
ಬಿಸಿನೀರಲ್ಲಿ ನೆನೆದು ನೆನೆದು
ಬೆರಳ ತುದಿಗೆ ಗುರುತೇ ಉಳಿದಿಲ್ಲ;
ಆಧಾರ್ ಯಂತ್ರ ಎರಡು ಸಲ ಒಪ್ಪಲಿಲ್ಲವಂತೆ.
ಗೆರೆ ಮಾತ್ರ ನೇರ ಬಂತು.

ಅಭ್ಯಾಸಬಲ, ಹಾಜರಿ ಪುಸ್ತಕಕ್ಕೆ ಕೈ ಹೋಯಿತು.
ಯಾವ ತರಗತಿ, ಯಾವ ಸಾಲು?
ಮುಚ್ಚಿಟ್ಟೆ.
ಇವತ್ತು ಯಾವ ಪುಸ್ತಕದಲ್ಲೂ ಅವಳ ಹೆಸರಿಲ್ಲ.
ಬಂದಿದ್ದಾಳೆ.