ಚೀಟಿಯಲ್ಲಿ ಹಾಗಲ

ಐದೂವರೆಗೆಲ್ಲ ಮತ್ತಿಕೆರೆ ಪಾರ್ಕಿನ ಗೇಟಿಗೆ
ನನ್ನ ತಳ್ಳುಗಾಡಿ ಬಂದು ನಿಲ್ಲುತ್ತೆ.
ಆರು ಸ್ಟೀಲಿನ ಕ್ಯಾನು:
ಬೂದುಗುಂಬಳ, ಬಾಳೆದಿಂಡು, ಗರಿಕೆ,
ನುಗ್ಗೆಸೊಪ್ಪು, ಅಮೃತಬಳ್ಳಿ,
ಕೊನೆಯದು, ಮುಚ್ಚಳ ತೆಗೆದರೇ ಮುಖ ಕಿವಿಚುವ ಹಾಗಲ.
ಲೋಟಕ್ಕೆ ಇಪ್ಪತ್ತು.

ಕೇಳುವವರು ಕೇಳುತ್ತಿದ್ದರು,
"ಏನೂ ಆಗಲ್ಲ ತಾನೇ ಹೊನ್ನಮ್ಮ?"
ಗಿಡದ್ದು ಸ್ವಾಮಿ, ಏನಾಗುತ್ತೆ, ಅನ್ನುತ್ತಿದ್ದೆ.
ಸೊಪ್ಪು ಅಂದರೆ ತವರಿನವರು,
ಮಾತ್ರೆ ಅಂದರೆ ಗಂಡನ ಕಡೆಯವರು,
ನನ್ನ ಲೆಕ್ಕ ಅಷ್ಟೇ ಇತ್ತು.

ಅರುಳಪ್ಪನವರು
ಜಾಲಹಳ್ಳಿ ವಾಚ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಕೂದಲೆಳೆಯಂಥ ಸ್ಪ್ರಿಂಗು ಕೂರಿಸಿದ ಕೈ.
ಲೋಟ ಹಿಡಿದರೆ ರಸದ ಮೇಲಿನ ನೊರೆಯೂ ಅಲುಗದು.
ಮನೆಯಲ್ಲಿ ಸಕ್ಕರೆ ಮಾತ್ರೆ ನುಂಗಿ,
ನನ್ನ ಹತ್ತಿರ ಹಾಗಲ ಕುಡಿದು,
ಬರಿ ಹೊಟ್ಟೆಯಲ್ಲಿ ಆರು ಸುತ್ತು.

ಆವತ್ತು "ಎರಡು ಲೋಟ ಕೊಡಮ್ಮ" ಅಂದರು.
"ನಾಳಿದ್ದು ರಕ್ತ ಕೊಡಬೇಕು,
ಈ ಸಲ ಡಾಕ್ಟರ ಮುಂದೆ ಫಸ್ಟ್ ಕ್ಲಾಸು."
ನಕ್ಕೆ. ಕೊಟ್ಟೆ.
ಆ ಮೇಲಿನ ಇಪ್ಪತ್ತು ರೂಪಾಯಿ
ಇವತ್ತಿಗೂ ಸೆರಗಿನ ಗಂಟಲ್ಲಿ ಚುಚ್ಚುತ್ತೆ.

ಮೂರನೇ ಸುತ್ತಿಗೆ ಅವರು ಬೆಂಚಿನ ಮೇಲಿದ್ದರು.
ಡಿಸೆಂಬರಿನ ಚಳಿ,
ಅಂಗಿ ಮಾತ್ರ ಹಿಂಡಿ ಹಾಕಿದ ಹಾಗೆ ಒದ್ದೆ.
ಆ ಕೈ, ಆ ಕೈ ನಡುಗುತ್ತಿತ್ತು.
ನನ್ನನ್ನು ನೋಡಿ ಕೇಳಿದರು:
"ಫಿಲೋಮಿನಾ, ಸೈರನ್ ಆಯ್ತಾ?"

ಫಿಲೋಮಿನಮ್ಮ ತೀರಿಕೊಂಡು ಏಳು ವರ್ಷ.
ಸೈರನ್ ನಿಂತು ಇನ್ನೂ ಜಾಸ್ತಿ.

ಟೀ ಮಾದೇವಣ್ಣನ ಡಬ್ಬಿಗೆ ಕೈ ಹಾಕಿ
ಹಿಡಿ ಸಕ್ಕರೆ ತಂದೆ, ನೀರಲ್ಲಿ ಕಲಸಿ
ಮಗುವಿಗೆ ಗುಟುಕು ಕೊಟ್ಟ ಹಾಗೆ ಕೊಟ್ಟೆ.
ಅಷ್ಟು ವರ್ಷ ಸಕ್ಕರೆಯನ್ನು ಬೈದೇ ವ್ಯಾಪಾರ ಮಾಡಿದವಳು,
ಆವತ್ತು ಅದರ ಕಾಲಿಗೆ ಬಿದ್ದೆ.
ಸ್ವಲ್ಪ ಹೊತ್ತಿಗೆ ಕಣ್ಣು ನನ್ನನ್ನು ಗುರುತಿಸಿತು.
"ಹೊನ್ನಮ್ಮ, ಚಿಲ್ಲರೆ ಕೊಟ್ಟೆನಾ?"

ಆಸ್ಪತ್ರೆಯಿಂದ ಬಂದ ಮೇಲೆ ಅವರೇ ಬಿಡಿಸಿ ಹೇಳಿದರು:
"ಒಂದೇ ವಾಚಿಗೆ ಇಬ್ಬರು ಕೀ ಕೊಟ್ಟರಮ್ಮ.
ನೀನು ತಿರುಗಿಸಿದೆ ಅಂತ ಮಾತ್ರೆಗೆ ಗೊತ್ತಿಲ್ಲ,
ಮಾತ್ರೆ ತಿರುಗಿಸಿದೆ ಅಂತ ನಿನಗೆ ಗೊತ್ತಿಲ್ಲ."
ಪ್ರತಿ ಸಲ ಡಾಕ್ಟರು ಕೇಳುತ್ತಿದ್ದರಂತೆ,
ಬೇರೆ ಏನಾದರೂ ತಗೊಳ್ತೀರಾ?
ಪ್ರತಿ ಸಲ ಇಲ್ಲ ಅಂದರಂತೆ.
ಸುಳ್ಳಲ್ಲ ಅದು.
ಸೊಪ್ಪು ತರಕಾರಿಯನ್ನು ಯಾರು ಔಷಧಿ ಅಂತಾರೆ,
ಮಾರುವಾಗ ನನ್ನ ಬಿಟ್ಟು?

ಈಗ ಲೋಟ ತುಂಬೋ ಮುಂಚೆ ಕೇಳುತ್ತೇನೆ, ಮಾತ್ರೆ ಏನಾದರೂ?
"ನೀನೇನು ಡಾಕ್ಟರಾ?" ಅಂತ
ಮುಂದಿನ ಗಾಡಿಗೆ ಹೋದವರಿದ್ದಾರೆ.
ಕಾತ್ಯಾಯಿನಿ ಮೇಡಂ ಹೋಗಲಿಲ್ಲ.
ಎದೆಯೊಳಗೆ ಲೋಹದ ಕವಾಟ ಅಂತೆ,
ರಕ್ತ ಗಟ್ಟಿಯಾಗದ ಹಾಗೆ ದಿನಾ ಮಾತ್ರೆ ಅಂತೆ,
ಕೇಳಿದ್ದು ನುಗ್ಗೆಸೊಪ್ಪಿನ ರಸ.
ಇಂಗ್ಲಿಷು ನನಗೆ ಬರಲ್ಲ,
ಮೆಡಿಕಲ್ ಸ್ಟೋರಿನ ತೌಸೀಫನಿಗೆ ಸ್ಟ್ರಿಪ್ಪು ತೋರಿಸಿದೆ.
"ಈ ಮಾತ್ರೆಗೆ ಸೊಪ್ಪು ಎದುರು ನಿಲ್ಲುತ್ತೆ ಅಕ್ಕ,
ಒಂದು ದಿನ ಜಾಸ್ತಿ ಒಂದು ದಿನ ಕಮ್ಮಿ ಆಗಬಾರದು,
ಡಾಕ್ಟರ ಕೇಳದೆ ಕೊಡಬೇಡ."
ಒಂದು ಹಾಗಲ ಜೊತೆಗೂಡಿ ತಳ್ಳುತ್ತೆ,
ಒಂದು ನುಗ್ಗೆ ಎದುರು ನಿಂತು ತಡೆಯುತ್ತೆ.
ತವರಿನವರೂ ಸಾಮಾನ್ಯರಲ್ಲ.

ಸಂಜೆಗೆ ಕ್ಯಾನಿನಲ್ಲಿ ಉಳಿದದ್ದು
ಗೇಟಿನ ಹೊಂಗೆ ಬುಡಕ್ಕೆ ಸುರಿಯುತ್ತೇನೆ.
ಅದಕ್ಕಂತೂ ಯಾವ ಮಾತ್ರೆಯೂ ಇಲ್ಲ.

ಮೊನ್ನೆ ಅರುಳಪ್ಪನವರು ಚೀಟಿ ಬಿಚ್ಚಿ ತೋರಿಸಿದರು.
ಸಾಲು ಸಾಲು ಇಂಗ್ಲಿಷು, ಇರುವೆ ನಡೆದ ಹಾಗೆ.
ಎಲ್ಲದರ ಕೆಳಗೆ ನಾನು ಓದಬಲ್ಲ ಒಂದೇ ಸಾಲು,
ದುಂಡಗೆ, ಕನ್ನಡದಲ್ಲಿ:
ಹಾಗಲಕಾಯಿ ರಸ ಬೇಡ.

"ನೋಡು, ನಿನ್ನ ಹೆಸರೂ ಬಂತು" ಅಂದರು.
ಹೆಮ್ಮೆಯೋ ನಾಚಿಕೆಯೋ,
ಬಗ್ಗಿ ತೊಳೆದ ಲೋಟವನ್ನೇ
ಇನ್ನೊಂದು ಸಲ ತೊಳೆದೆ.